ಭೀಮವ್ವನ ಬೋಗುಣಿ ನೀರು

ಖಡಕಿಯ ಭೀಮವ್ವ ಬೆಳಿಗ್ಗೆ ಪೂಜೆ ಮುಗಿಸಿ, ಗುಬ್ಬಿ ಕಾಗೆಗಳಿಗೆಂದು ಮಣ್ಣಿನ ಬೋಗುಣಿಗೆ ನೀರು ತುಂಬಿ ಮಾಳಿಗೆಯ ಮೇಲೆ ಇಡದೆ ಚಹಾ ಕುಡಿದವಳಲ್ಲ. ಧಾರವಾಡದಿಂದ ಈ ಮರಾಠಿ ಊರಿಗೆ ಸೊಸೆಯಾಗಿ ಬಂದ ವರ್ಷ ಅತ್ತೆ ಹೇಳಿಕೊಟ್ಟ ನೇಮ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಜ್ವರ ಬಂದಾಗಲೂ ಗೋಡೆ ಹಿಡಿದು ಮೆಟ್ಟಿಲು ಹತ್ತಿದ್ದಾಳೆ. ನೀರಿನ ಟಾಕಿಯ ಹಿಂದಿನ ನೆರಳಿನಲ್ಲಿ ಬೋಗುಣಿ ಇಟ್ಟು, "ಕುಡೀರಪ್ಪಾ, ನಿಮ್ಮೊಳಗೂ ಶಿವಾ ಅದಾನ" ಎಂದು ಕೈಮುಗಿದು ಇಳಿಯುತ್ತಾಳೆ.

ಮಾಳಿಗೆಯ ಇನ್ನೊಂದು ಮೂಲೆ ಗಂಡ ನಿಜಲಿಂಗಪ್ಪನದು. ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ಮೇಲೆ ಹನ್ನೆರಡು ಪಾರಿವಾಳ ಸಾಕಿದ್ದಾನೆ. ಅವುಗಳಲ್ಲಿ ಬಿಳಿಯ ಚಂದ್ರಿ ಎಂದರೆ ಇಬ್ಬರಿಗೂ ಜೀವ. ಭೀಮವ್ವ ಅಕ್ಕಿ ಆರಿಸಲು ಕೂತರೆ ಸೀದಾ ಮೊರದೊಳಗೇ ಬಂದು ಕೂಡುತ್ತದೆ.

ಶ್ರಾವಣದ ಹೊತ್ತಿಗೆ ಚಂದ್ರಿ ಸೊರಗಿತು. ಹೊಟ್ಟೆ ತುಂಬ ಜೋಳ ತಿಂದರೂ ಎದೆಯ ಎಲುಬು ಕುಡುಗೋಲಿನಂತೆ ಕೈಗೆ ಹತ್ತುತ್ತಿತ್ತು. ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಇಬ್ಬರೂ ಪಶುವೈದ್ಯೆ ಸುರಭಿಯವರ ಬಳಿ ಹೋದರು. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ, "ಯಾ ಕಾಕೂ, ಬಘಾ" ಎಂದು ಮರಾಠಿಯಲ್ಲಿ, ಬಂದು ನೋಡುವಂತೆ ಭೀಮವ್ವನನ್ನೂ ಕರೆದರು.

ಭೀಮವ್ವ ಒಂದು ಕಣ್ಣು ಮುಚ್ಚಿ ಇಣುಕಿದಳು. "ಅಯ್ಯ ಶಿವನ! ನೆನಸಿದ ಸಾಬೂದಾಣಿ ಹಂಗ ಅದಾವಲ್ರೀ!"

ಅವು ಹುಳದ ಮೊಟ್ಟೆಗಳು ಎಂದರು ವೈದ್ಯೆ. ಕರುಳಿನಲ್ಲಿ ಹುಳ ತುಂಬಿವೆ. ಎಲ್ಲ ಪಾರಿವಾಳಗಳಿಗೂ ಔಷಧ ಬೇಕು. ಹಿಂದಿನ ಸಂಜೆಯೇ ನೀರು ತೆಗೆದಿಟ್ಟು, ಮರುದಿನ ಔಷಧ ಬೆರೆಸಿದ ನೀರು ಮಾತ್ರ ಇಡಬೇಕು. ಮೂರು ವಾರಕ್ಕೆ ಮತ್ತೊಮ್ಮೆ. ಗೂಡನ್ನು ದಿನವೂ ಗುಡಿಸಿ ಒಣಗಿಸಿಡಬೇಕು. ತಡ ಮಾಡಿದರೆ ಚಂದ್ರಿ ಉಳಿಯುವುದು ಕಷ್ಟ.

ಆ ಶ್ರಾವಣ ಸೋಮವಾರ ಭೀಮವ್ವ ಉಪವಾಸಕ್ಕೆ ಎಂದಿನ ಸಾಬೂದಾಣಿ ಖಿಚಡಿ ಮುಟ್ಟಲಿಲ್ಲ. ಬಾಳೆಹಣ್ಣಿನ ಮೇಲೆ ದಿನ ಕಳೆದಳು.

ನಿಜಲಿಂಗಪ್ಪ ನೀಲಿ ಬಕೆಟ್ಟಿನಲ್ಲಿ ಔಷಧ ಕಲಸಿ ಗೂಡಿನೊಳಗೆ ಇಟ್ಟ. ಬಾಗಿಲು ಹಾಕಿದರೆ ಹಕ್ಕಿಗಳು ಕೊರಗುತ್ತವೆಂದು ತೆರೆದೇ ಬಿಟ್ಟ. ಎರಡು ದಿನವಾದರೂ ಹುಳ ಬೀಳಲಿಲ್ಲ. ಚಂದ್ರಿ ಜೋಳವನ್ನೂ ಬಿಟ್ಟಿತು.

"ಔಷಧದಾಗ ಏನೂ ದಮ್ ಇಲ್ಲ ನೋಡು" ಎಂದು ಅವನು ಗೊಣಗಿದ.

ಮರುದಿನ ಬೆಳಿಗ್ಗೆ ಬೋಗುಣಿ ಇಟ್ಟು ಕೈಮುಗಿದ ಭೀಮವ್ವ ಕಣ್ಣು ತೆರೆದರೆ, ಹನ್ನೊಂದು ಪಾರಿವಾಳಗಳು ಟಾಕಿಯ ಹಿಂದೆ ಸಾಲಾಗಿ ಕೂತು ಅವಳ ನೀರನ್ನೇ ಹೀರುತ್ತಿದ್ದವು. ಚಂದ್ರಿಯೂ ಕುಂಟುತ್ತ ಬರುತ್ತಿತ್ತು.  ಭೀಮವ್ವ ಕೆಳಗಿಳಿದು ಗಂಡನೆದುರು ನಿಂತಳು.

"ರೀ, ತಪ್ಪು ಔಷಧದ್ದಲ್ಲ. ನಂದು. ನಿಮ್ಮ ಕಹಿ ನೀರು ಬಿಟ್ಟು ನನ್ನ ನೀರು ಕುಡೀತಾವ್ರೀ ಅವು."

 ನಿಜಲಿಂಗಪ್ಪ ನಕ್ಕುಬಿಟ್ಟ. "ಮೂವತ್ತೊಂದು ವರ್ಷ ಪುಣ್ಯಾ ಗಳಿಸಿದಿ, ಕಡೀಗೆ ನನ್ನ ಔಷಧಕ್ಕ ಮಣ್ಣು ಹಾಕಿದಿ! ಹಂಗಾರ ನಾಳೆ ನೀರು ಇಡಬ್ಯಾಡ."

"ಅದು ಆಗೂದಿಲ್ರೀ."

ಅವಳು ದೇವರ ಮುಂದೆ ಬಹಳ ಹೊತ್ತು ಕೂತಳು. ಎದ್ದಾಗ ಮುಖ ತಿಳಿಯಾಗಿತ್ತು. ಇಬ್ಬರೂ ಮತ್ತೆ ವೈದ್ಯೆಯನ್ನು ಕೇಳಿ ಹೊಸದಾಗಿ ಔಷಧ ತಂದು, ಸಂಜೆಯೇ ಗೂಡಿನ ನೀರು ತೆಗೆದಿಟ್ಟರು. ಬೆಳಿಗ್ಗೆ ಭೀಮವ್ವ ಗುಬ್ಬಿ ಕಾಗೆಗಳ ನೀರನ್ನು ಸ್ಟೀಲಿನ ತಟ್ಟೆಯಲ್ಲಿ ಪಕ್ಕದ ಮನೆಯ ಸುಲಭಾಬಾಯಿಯ ಮಾಳಿಗೆಯ ಮೇಲೆ ಇಟ್ಟಳು. ತನ್ನ ಬೋಗುಣಿಗೆ ಔಷಧದ ನೀರು ತುಂಬಿ ಗೂಡಿನೊಳಗಿಟ್ಟು, ಬಾಗಿಲು ತಾನೇ ಹಾಕಿದಳು.

"ಕುಡೀರಪ್ಪಾ, ಶಿವಾ ಒಮ್ಮೊಮ್ಮೆ ಕಹೀನೂ ಕೊಡ್ತಾನ."

ರಾತ್ರಿಯಿಡೀ ಬಾಯಾರಿದ್ದ ಹಕ್ಕಿಗಳು ಪರಿಚಯದ ಬೋಗುಣಿ ಕಂಡು ಮುಗಿಬಿದ್ದವು. ಚಂದ್ರಿ ಒಂದು ಗುಟುಕು ಹೀರಿ ತಲೆ ಕೊಡವಿತು, ಮತ್ತೆ ಹೀರಿತು.

ಮರುದಿನ ನಿಜಲಿಂಗಪ್ಪ ಗೂಡಿನಿಂದಲೇ ಕೂಗಿದ: "ಏ, ಬಾ ಇಲ್ಲೆ! ಹುಳ ಶಾವಿಗಿ ಬಿದ್ದಂಗ ಬಿದ್ದಾವು ನೋಡು!"

"ಇನ್ನ ಶಾವಿಗೀನೂ ಬಿಡಸ್ತೀರೇನ್ರೀ!" ಎನ್ನುತ್ತಲೇ ಪೊರಕೆ ಹಿಡಿದು ಮೆಟ್ಟಿಲು ಹತ್ತಿದಳು.

ಎರಡನೆಯ ಔಷಧವೂ ಮುಗಿದ ವಾರ, ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಾಗ ಚಂದ್ರಿ ಪಟಪಟನೆ ಹಾರಿಬಂದು ಮೊರದೊಳಗೆ ಕೂತು ಅಕ್ಕಿ ಹೆಕ್ಕತೊಡಗಿತು. ಭೀಮವ್ವ ಕೈ ತೆಗೆದು ನೋಡುತ್ತ ಕೂತಳು.

"ಅಡಿಗಿ ಆತೇನ?" ಎಂದ ಒಳಬಂದ ಗಂಡ.

"ಆಕೀದು ಊಟ ಆಗ್ಲಿ ತಡೀರಿ" ಎಂದಳು.