ಜಿಗ್ಗಿಗೆ ಅಭಿಷೇಕ

ಇವತ್ತು ಆಯುಧಪೂಜೆ. ಪಕ್ಕದ ಮನೆಯವರು ಹಬ್ಬಕ್ಕೆ ಮುಗಿಸಬೇಕಾಗಿದ್ದ ಗೇಟಿನ ಬಣ್ಣವನ್ನು ಹಬ್ಬದ ದಿನವೇ ಶುರು ಮಾಡಿದರು. ಇದರಿಂದ ನಿಮಗೇನೂ ಆಗಬೇಕಾದ್ದಿಲ್ಲ, ನನಗೂ ಇಲ್ಲ. ಆದರೆ ಹಸಿರು ಎನಾಮೆಲ್ಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಕೈಗಳು ತಾವಾಗಿ ಮುಗಿದುಕೊಳ್ಳುತ್ತವೆ. ಸಂಜೆಯ ಕಾಫಿ ಲೋಟ ಹಿಡಿದುಕೊಂಡೇ ಕೈ ಮುಗಿಯಲು ಹೋಗಿ ಪಂಚೆಯ ಮೇಲೆ ಚೆಲ್ಲಿಕೊಂಡೆ. ಏನಾಯಿತೆಂದು ಕೇಳಿದ ಹೆಂಡತಿಗೆ ಗಂಗಾಧರಪ್ಪನವರ ವರ್ಕ್‌ಶಾಪಿನ ಕತೆ ಹೇಳತೊಡಗಿದೆ. ಅವಳು ಅರ್ಧಕ್ಕೇ ಎದ್ದು ಹೋದಳು. ನೀವಾದರೂ ಕೂತಿರಿ.

ಮಧುಗಿರಿಯಲ್ಲಿ ಬೆಟ್ಟಕ್ಕೆ ಬೆನ್ನು ಹಾಕಿ ನಿಂತಿದ್ದ ಆ ವರ್ಕ್‌ಶಾಪಿನಲ್ಲಿ ಕಡಲೆಕಾಯಿ ಸುಲಿಯುವ ಯಂತ್ರಗಳನ್ನು ಮಾಡುತ್ತಿದ್ದೆವು. ಕೊರೆಯುವ ಯಂತ್ರದ ಮುಂದೆ ನಿಲ್ಲುವ ಕೆಲಸ ನನ್ನದು. ಸುಲಿಯುವ ಯಂತ್ರದ ಎರಡೂ ಬದಿಗೆ ಒಂದೊಂದು ಉಕ್ಕಿನ ಪ್ಲೇಟು. ನಡುವೆ ತಿರುಗುವ ದಂಡ ಆ ಪ್ಲೇಟುಗಳ ಆಸರೆಯಲ್ಲೇ ನಿಲ್ಲಬೇಕು. ಪ್ಲೇಟಿನ ನಾಲ್ಕು ಮೂಲೆಗೆ ಬೋಲ್ಟಿನ ತೂತು ಕೊರೆಯುವುದಕ್ಕೆ ಒಂದು ಜಿಗ್ಗು ಇತ್ತು. ಜಿಗ್ಗು ಅಂದರೆ ಇಡ್ಲಿ ತಟ್ಟೆಯ ಅಣ್ಣ ಎಂದುಕೊಳ್ಳಿ. ಹಿಟ್ಟು ಯಾರು ಹುಯ್ದರೂ ಇಡ್ಲಿ ಹೇಗೆ ಒಂದೇ ಆಕಾರಕ್ಕೆ ಬರುತ್ತದೋ, ಹಾಗೆ ಪ್ಲೇಟನ್ನು ಅದರೊಳಗೆ ಎರಡು ಆನಿಕೆಗಳಿಗೆ, ಅಂದರೆ ಒರಗಿಸುವ ಅಂಚುಗಳಿಗೆ, ಒತ್ತಿ ಕೂರಿಸಿಬಿಟ್ಟರೆ ಕೊರೆಯುವವನು ಜಾಣನಾಗಲಿ, ನನ್ನಂಥವನಾಗಲಿ, ತೂತು ಅದೇ ಜಾಗಕ್ಕೆ ಬೀಳುತ್ತದೆ.

ಅದನ್ನು ಮಾಡಿಕೊಟ್ಟವರು ಶಿರಾದ ಮಹಬೂಬ್ ಸಾಬರು. ಇಸ್ತ್ರಿ ಹಾಕಿದ ಅಂಗಿಯಲ್ಲೇ ಕೆಲಸಕ್ಕೆ ಕೂರುವ, ವಿನಯವೆಂಬುದನ್ನು ಹತ್ತಿರಕ್ಕೂ ಸೇರಿಸದ ಮನುಷ್ಯ. "ಈ ಜಿಗ್ಗು ನಿಮ್ ಮೊಮ್ಮಕ್ಕಳ ಕಾಲಕ್ಕೂ ಸುಳ್ಳು ಹೇಳಲ್ಲ ಸಾಬ್" ಎಂದು ಹೇಳಿ ಹೋಗಿದ್ದರು. ಗಂಗಾಧರಪ್ಪನವರು ಆ ಮಾತನ್ನು ವೇದವಾಕ್ಯವೆಂದು ಹಿಡಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸುಳ್ಳು ಹೇಳದ ವಸ್ತು ಮನುಷ್ಯಲೋಕದ್ದಲ್ಲ ಎಂದು ತೀರ್ಮಾನಿಸಿ ಅದಕ್ಕೆ ಪೂಜೆ ಶುರು ಮಾಡಿದರು.

ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಒಂದೊಂದು ಚೆಂಡುಹೂವಾದರೆ ಜಿಗ್ಗಿಗೆ ಮೊಳಗಟ್ಟಲೆ ಹಾರ. ಅದಕ್ಕೂ ಮುಂಚೆ ಹೊಸ ಬಣ್ಣ. ಒಂದು ವರ್ಷ ಹಸಿರು, ಇನ್ನೊಂದು ವರ್ಷ ಕೆಂಪು. ಅವರ ಮಗಳಿಗೆ ನೆಂಟಸ್ತಿಕೆ ಕೂಡಿದ ವರ್ಷ ಬೆಳ್ಳಿ ಬಣ್ಣ. ಬಣ್ಣದ ಮೇಲೆ ಅರಿಶಿನ, ಅರಿಶಿನದ ಮೇಲೆ ಕುಂಕುಮ, ಅದರ ಮೇಲೆ ಮುಂದಿನ ವರ್ಷದ ಬಣ್ಣ. ಒಳಗಿನ ಆನಿಕೆಗಳನ್ನೂ ಬಿಡದೆ ಭಕ್ತಿಯಿಂದ ಬಳಿಯುತ್ತಿದ್ದರು. ನಾವೆಲ್ಲ ಚಪ್ಪಲಿ ಬಿಟ್ಟು ಸಾಲಾಗಿ ನಿಂತು ಕೈ ಮುಗಿಯುತ್ತಿದ್ದೆವು. ಕಡ್ಲೆಪುರಿ ಪೊಟ್ಟಣ ಆಮೇಲೆ ಕೊಡುತ್ತಿದ್ದರಾದ್ದರಿಂದ ನನ್ನ ಭಕ್ತಿಯೂ ಕಡಿಮೆಯದೇನಲ್ಲ.

ಪ್ರತಿ ಪದರವೂ ಪ್ಲೇಟನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳುತ್ತಿತ್ತು. ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಗೊತ್ತಾಗಬೇಕು? ಹೊಸ ಯಂತ್ರಕ್ಕೆ ಹಾಕುವ ಎರಡು ಪ್ಲೇಟುಗಳೂ ಅದೇ ಜಿಗ್ಗಿನಲ್ಲಿ ಹುಟ್ಟಿದವು. ಎರಡೂ ಒಂದೇ ಸಮ ತಪ್ಪಿರುತ್ತಿದ್ದುದರಿಂದ ದಂಡ ನೆಟ್ಟಗೇ ತಿರುಗುತ್ತಿತ್ತು. ಎಲ್ಲರೂ ಒಮ್ಮತದಿಂದ ತಪ್ಪಿದರೆ ಅದಕ್ಕೆ ಸಂಪ್ರದಾಯ ಎಂಬ ಹೆಸರು ಬರುತ್ತದಷ್ಟೆ.

ಈ ನೆಮ್ಮದಿಯನ್ನು ಕೆಡಿಸಿದವರು ಹೊಳವನಹಳ್ಳಿಯ ಪುಟ್ಟಲಕ್ಷ್ಮಮ್ಮ. ಅವರ ಶೆಡ್ಡಿನಲ್ಲಿದ್ದದ್ದು ನಮ್ಮ ವರ್ಕ್‌ಶಾಪಿನ ಮೊದಮೊದಲ ಯಂತ್ರ. ಸುಗ್ಗಿಯ ನಡುವೆ ಒಂದು ಬದಿಯ ಪ್ಲೇಟು ಸೀಳಿತು. ನಮ್ಮಲ್ಲಿಂದ ಒಂದು ಹೊಸ ಪ್ಲೇಟು ತರಿಸಿ ಹಾಕಿದರು. ಹಳೆಯದೊಂದು, ಹೊಸದೊಂದು, ದಂಡ ಓರೆಯಾಗಿ ಸಿಕ್ಕಿಕೊಂಡಿತು. ಮರುದಿನ ಅವರು ಪ್ಲೇಟನ್ನು ಬಟ್ಟೆ ಚೀಲದಲ್ಲಿ ಹೊತ್ತುಕೊಂಡು ಬಸ್ಸಿಳಿದು ಬಂದು, ನೇರ ಗಂಗಾಧರಪ್ಪನವರ ಕುರ್ಚಿಯಲ್ಲೇ ಕೂತರು.

"ನಿಮ್ ಪಲೇಟು ಹಾಕ್ದೇಟ್ಗೆ ಮಿಸಿನ್ನು ಕುಡ್ದೋನಂಗೆ ತೂರಾಡ್ತೈತೆ. ಊರೋರ ಕಾಯೆಲ್ಲ ನನ್ ಬಾಗ್ಲಾಗ್ ಬಿದ್ದೈತೆ. ನಾಳಿಕ್ ಸುಲ್ಕೊಡ್ದಿದ್ರೆ ಎಲ್ಲಾ ಬೇರೆ ಕಡೀಕ್ ಹೊತ್ಕಂಡೋಯ್ತರೆ. ಅವರಿಗೇನೇಳ್ಳಿ?"

"ಜಿಗ್ಗಲ್ ಕೊರ್ದಿದ್ದು ತಪ್ಪಾಗಾಕಿಲ್ಲ ಕಣಮ್ಮ. ನಿನ್ ಮಿಷಿನ್ನೇ ಸೊಟ್ಟಗೈತೆ," ಎಂದರು ಗಂಗಾಧರಪ್ಪ.

"ಮಿಸಿನ್ನೂ ನೀನೇ ಕೊಟ್ಟಿದ್ದು ಕಣಪ್ಪ!"

ಗಂಗಾಧರಪ್ಪನವರು ಸ್ವಲ್ಪ ಯೋಚಿಸಿದರು. ದೇವರೂ ತಪ್ಪುವಂತಿಲ್ಲ, ಭಕ್ತನೂ ತಪ್ಪುವಂತಿಲ್ಲ. ಹಾಗಾದರೆ ಉಳಿದವರು ಮಹಬೂಬ್ ಸಾಬರು. ತಕ್ಷಣ ಬರಬೇಕೆಂದು ಶಿರಾಕ್ಕೆ ಫೋನು ಹೋಯಿತು. "ನಿನ್ ಕೆಲ್ಸ ನಮ್ ಮಾನ ಕಳೀತು" ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದರಿಂದ ಸಾಬರು ಕೆಂಡವಾಗಿ ಬಂದಿಳಿದರು. ಪುಟ್ಟಲಕ್ಷ್ಮಮ್ಮ ಕುರ್ಚಿ ಬಿಟ್ಟಿರಲಿಲ್ಲ.

ಸಾಬರು ಜಿಗ್ಗಿನ ಹಾರ ಸರಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಕೋಪವೆಲ್ಲ ಇಳಿದು ಮುಖ ಸಣ್ಣದಾಯಿತು. "ಯಾ ಅಲ್ಲಾ, ಇದು ನನ್ ಜಿಗ್ಗಾ?" ಮದುವೆ ಮಾಡಿಕೊಟ್ಟ ಮಗಳನ್ನು ಗುರುತು ಹಿಡಿಯಲಾಗದ ತಂದೆಯಂತಿತ್ತು ಆ ದನಿ. ಆಮೇಲೆ ನನ್ನ ಕಡೆ ತಿರುಗಿ, "ಕೆರೆಯೋ ಉಳಿ ಕೊಡು" ಎಂದರು.

ಗಂಗಾಧರಪ್ಪ ಅಡ್ಡ ನಿಂತರು. "ಅಮ್ಮನೋರ್ ಮೇಲೆ ಉಳಿ ಹಾಕ್ತೀಯಾ?"

"ಅರೇ ಸಾಬ್, ನಾನ್ ಕೊಟ್ಟಾಗ ಇದು ಬರೀ ಉಕ್ಕು. ಅಮ್ಮನೋರು ಯಾವಾಗ್ ಬಂದ್ರು?"

ಒಬ್ಬರಿಗೆ ಮರ್ಯಾದೆಯ ಪ್ರಶ್ನೆ, ಇನ್ನೊಬ್ಬರಿಗೆ ಪಾಪದ ಭಯ. ಮಾತು ಇನ್ನೊಂದು ಸುತ್ತು ಬೆಳೆದಿದ್ದರೆ ಕೆಲಸದ ಜಗಳ ಜಾತಿಯ ಜಗಳವಾಗುತ್ತಿತ್ತು. ಬಾಗಿಲಲ್ಲಿ ಆಗಲೇ ನಾಲ್ಕು ಜನ ಆಸೆಯಿಂದ ಇಣುಕುತ್ತಿದ್ದರು.

ಪುಟ್ಟಲಕ್ಷ್ಮಮ್ಮ ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ಜಿಗ್ಗನ್ನು ನೋಡಿದರು. "ಅಲ್ಲ ಕಣಪ್ಪ, ವರ್ಸ ವರ್ಸ ಹೊಸ ಸೀರೆ ಉಡುಸ್ತೀಯ. ಹಳೇದ್ ಬಿಚ್ಚಿ ಒಂದಪಾ ಆದ್ರೂ ಅಮ್ಮನೋರ್ಗೆ ನೀರ್ ಹುಯ್ದಿದ್ದೀಯೇನ್ಲಾ? ಸೀರೆ ಮ್ಯಾಲ್ ಸೀರೆ ಸುತ್ಕಂಡ್ರೆ ನೀನಾದ್ರೂ ನೆಟ್ಟಗ್ ಕುಂತ್ಕಂಡೀಯಾ?"

ತಪ್ಪು ಒಪ್ಪಿಕೊಳ್ಳದೆ ತಿದ್ದಿಕೊಳ್ಳುವ ದಾರಿ ಸಿಕ್ಕಾಗ ಮನುಷ್ಯನ ಮುಖದಲ್ಲಿ ಬರುವ ಕಳೆಯನ್ನು ನಾನು ಅಂದು ಗಂಗಾಧರಪ್ಪನವರಲ್ಲಿ ನೋಡಿದೆ. "ಅಭಿಷೇಕ!" ಎಂದರು. ಕ್ಯಾಲೆಂಡರ್ ನೋಡಿ ರಾಹುಕಾಲ ಕಳೆಯಲು ಕಾದೆವು. ಬಣ್ಣ ಕರಗಿಸುವ ಥಿನ್ನರು ಮಂಗಳದ್ರವ್ಯವಲ್ಲ ಎಂಬ ಅನುಮಾನಕ್ಕೆ ಅದಕ್ಕೊಂದು ತುಳಸಿದಳ ಹಾಕಿಸಿದರು. ಗಂಗಾಧರಪ್ಪ ಮಂತ್ರ ಹೇಳುತ್ತ ಹುಯ್ದರು, ಮಹಬೂಬ್ ಸಾಬರು ಕೆರೆದರು, ನಾನು ಬಟ್ಟೆ ಹಿಡಿದು ನಿಂತೆ. ಬೆಳ್ಳಿ, ಕೆಂಪು, ಹಸಿರು ಸಿಪ್ಪೆ ಸಿಪ್ಪೆಯಾಗಿ ಬಂದು ಕೊನೆಗೆ ಬೂದು ಉಕ್ಕು ಮಿನುಗಿದಾಗ ಸಾಬರು ಅದರ ಮೇಲೆ ಉಗುರು ಎಳೆದು ನೋಡಿ, ಪಕ್ಕಕ್ಕೆ ತಿರುಗಿ ಮೂಗು ಒರೆಸಿಕೊಂಡರು.

ಹೊಸ ಪ್ಲೇಟು ಕೊರೆದುಕೊಟ್ಟೆ. ಪುಟ್ಟಲಕ್ಷ್ಮಮ್ಮ ಸಂಜೆಯ ಬಸ್ಸು ಹಿಡಿದರು. ಮರುದಿನ ಫೋನು ಬಂತು: "ಬುದ್ದಿ ಬಂದೈತೆ ಕಣಪ್ಪ ಮಿಸಿನ್ನಿಗೆ. ಕಾಯೆಲ್ಲ ಸುಲ್ದಾಯ್ತಾ ಐತೆ." ಬಣ್ಣದ ಕಾಲದಲ್ಲಿ ಹುಟ್ಟಿದ ಯಂತ್ರಗಳಿಗೆ ಯಾವಾಗಲೂ ಎರಡೂ ಬದಿಯ ಪ್ಲೇಟು ಒಟ್ಟಿಗೇ ಬದಲಾಯಿಸಬೇಕೆಂದು ಗಂಗಾಧರಪ್ಪ ಬೋರ್ಡು ಬರೆಸಿದರು. ಕಾರಣ ಬರೆಸಲಿಲ್ಲ. ಅದೊಂದು ವಿಶೇಷ ತಂತ್ರಜ್ಞಾನವೆಂದು ಪಾವಗಡದವರೆಗೂ ಹೆಸರಾಯಿತು.

ಇಷ್ಟಾದರೂ ಭಕ್ತಿ ಸುಮ್ಮನಿರುತ್ತದೆಯೇ? ಸಾಬರಿಂದ ಅಂಥದ್ದೇ ಇನ್ನೊಂದು ಜಿಗ್ಗು ಮಾಡಿಸಿದರು. ಹೊಸದು ಕೆಲಸಕ್ಕೆ, ಹಳೆಯದು ಗಾಜಿನ ಪೆಟ್ಟಿಗೆಯೊಳಗೆ ಪೂಜೆಗೆ. ವ್ಯತ್ಯಾಸವೇನೆಂದು ಯಾರೋ ಕೇಳಿದ್ದಕ್ಕೆ ಸಾಬರು, "ಒಂದು ದುಡೀತದೆ, ಒಂದು ಕೂತ್ ತಿಂತದೆ. ನಿಮ್ ಮನೇಲಿ ಇಲ್ವಾ?" ಎಂದರು.

ಗಂಗಾಧರಪ್ಪ, ಸಾಬರು ಇಬ್ಬರೂ ಈಗಿಲ್ಲ. ವರ್ಕ್‌ಶಾಪನ್ನು ಗಂಗಾಧರಪ್ಪನವರ ಮಗಳು ಶಾರದಾ ನಡೆಸುತ್ತಾಳೆ. ಇವತ್ತು ಮಧ್ಯಾಹ್ನ ಪೂಜೆಗೆ ಕರೆದು ನನಗೆ ಪೇಟ ತೊಡಿಸಿದಳು, ಶಾಲು ಹೊದಿಸಿದಳು, ಹಾರ ಹಾಕಿ ಗಾಜಿನ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದಳು. ಎಲ್ಲರೂ ಬಂದು ಕಾಲಿಗೆ ಬಿದ್ದರು. ಸುಖವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ನಾಗಲಮಡಿಕೆಯ ಕಡೆಯವನೊಬ್ಬ ಮುರಿದ ಪ್ಲೇಟು ಹಿಡಿದು ಬಂದ. "ಕಾಯಿ ತಂದೋರು ಕಾದವ್ರೆ ಮೇಡಂ. ನೇನೇಂ ಚೆಯ್ಯಾಲಿ, ನಾನೇನ್ ಮಾಡ್ಲಿ?"

"ಇವತ್ತೊಂದಿನ ಆಯುಧ ಮುಟ್ಟಂಗಿಲ್ಲಪ್ಪ, ನಾಳೆ ಬಾ," ಎಂದಳು ಶಾರದಾ.

ನಾನು ಎದ್ದೆ.

"ನೀವ್ ಕೂತ್ಕಳಿ ಅಂಕಲ್, ಶಾಲು ಎಣ್ಣೆಯಾಗುತ್ತೆ."

ಪೇಟ ತೆಗೆದು ಕುರ್ಚಿಯ ಮೇಲಿಟ್ಟೆ. ಕೆಲಸದ ಜಿಗ್ಗಿನ ಆನಿಕೆಗಳ ಮೇಲೆ ಬೆಳಿಗ್ಗೆಯೇ ಯಾರೋ ಅರಿಶಿನ ಕುಂಕುಮ ಬಳಿದಿದ್ದರು. ಶಾಲಿನ ಜರಿಯಂಚಿನಿಂದ ಒರೆಸಿ, ಉಗುರು ಎಳೆದು ನೋಡಿ, ಹೊಸ ಪ್ಲೇಟನ್ನು ಕೂರಿಸಿದೆ. ಶಾರದಾ ಒಂದು ಕ್ಷಣ ಅಪ್ಪನ ಫೋಟೋದ ಕಡೆ ನೋಡಿದಳು. ಆಮೇಲೆ ತಾನೇ ಹೋಗಿ ಮೇನ್ ಸ್ವಿಚ್ಚು ಒತ್ತಿದಳು. ಕೊರೆತದ ಬಿಸಿ ಸುರುಳಿಗಳು ನನ್ನ ಕೊರಳ ಹಾರಕ್ಕೆ ಸಿಡಿದು ಒಂದೊಂದಾಗಿ ಹೂವು ಉದುರತೊಡಗಿದವು.