ಶನಿವಾರದ ಸರದಿ

ತಿರುವನಂತಪುರದ ಪಟ್ಟಂನ ಡಯಾಲಿಸಿಸ್ ಕೇಂದ್ರದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ತಿಳಿಯಲು ನಾವು ಯಾರನ್ನೂ ಕೇಳುತ್ತಿರಲಿಲ್ಲ. ತೂಕದ ಯಂತ್ರದ ಎದುರಿಗೇ ಫಿಲ್ಟರುಗಳ ಕಪಾಟು. ರಕ್ತ ಸೋಸುವ ಈ ಪ್ಲಾಸ್ಟಿಕ್ ಕೊಳವೆಯನ್ನು ದೊಡ್ಡ ಆಸ್ಪತ್ರೆಗಳಲ್ಲಿ ಒಮ್ಮೆ ಬಳಸಿ ಎಸೆಯುವುದೂ ಉಂಟಂತೆ. ನಮ್ಮಲ್ಲಿ ಅದನ್ನು ತೊಳೆದು, ಔಷಧಿ ನೀರು ತುಂಬಿ, ಹೆಸರಿನ ಚೀಟಿ ಅಂಟಿಸಿ ಇಡುತ್ತಿದ್ದರು; ಮುಂದಿನ ಸರದಿಗೆ ಅದೇ ಮನುಷ್ಯನಿಗೆ ಅದೇ ಕೊಳವೆ. ತೂಕಕ್ಕೆ ನಿಂತವರ ಕಣ್ಣು ಮುಳ್ಳಿನ ಮೇಲಲ್ಲ, ಕಪಾಟಿನ ಮೇಲೆ. ಕೊಳವೆ ಇದ್ದರೆ ಮನುಷ್ಯನಿದ್ದಾನೆ. ಎಷ್ಟು ತೊಳೆದರೂ ಅವುಗಳೊಳಗೆ ಒಂದು ಚಹಾದ ಬಣ್ಣ ಉಳಿದೇ ಇರುತ್ತಿತ್ತು. ಸಾಲಾಗಿ ಮಲಗಿರುವ ಅವುಗಳನ್ನು ಕಂಡಾಗ, ನಾವು ಇಲ್ಲೇ ಉಳಿದು ಬರೀ ಮೈ ಮಾತ್ರ ಮನೆಗೆ ಹೋಗಿ ಬರುತ್ತಿದೆಯೇನೋ ಎನಿಸಿ ನನಗೆ ಮೈ ಜುಮ್ಮೆನ್ನುತ್ತಿತ್ತು.

ನಾವು ಕಾಸರಗೋಡಿನ ಕಡೆಯವರು. ನನ್ನ ಗಂಡನ ಕೆಲಸ ಕೊಚ್ಚಿಯಲ್ಲಿತ್ತು, ಮನೆ ಅಲ್ಲೇ ಪಾಲಾರಿವಟ್ಟಂನಲ್ಲಿ. ನನ್ನ ಎರಡೂ ಕಿಡ್ನಿಗಳು ಕೈಕೊಟ್ಟಾಗ ಅಲ್ಲಿ ಹೋದಲ್ಲೆಲ್ಲ 'ಬೆಡ್ ಖಾಲಿಯಿಲ್ಲ' ಎಂಬ ಒಂದೇ ಮಾತು. ತಿರುವನಂತಪುರದ ಟ್ರಸ್ಟೊಂದರಲ್ಲಿ ವಾರಕ್ಕೆರಡು ಸರದಿ ಖಾಲಿಯಾಗಿದೆ ಎಂದು ತಿಳಿದದ್ದೇ ತಡ, ಇವರು ವರ್ಗ ಮಾಡಿಸಿಕೊಂಡರು. ಹೇಗೆ ಖಾಲಿಯಾಯಿತು ಎಂದು ನಾವಿಬ್ಬರೂ ಕೇಳಲಿಲ್ಲ. ಕೇಳುವ ವಿಷಯವೇ ಅದು?

ಮಂಗಳವಾರ, ಗುರುವಾರದ ಎರಡು ಸರದಿ ನನಗೆ ಸಾಲುತ್ತಿರಲಿಲ್ಲ. ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತಿತ್ತು. ಸೋಮವಾರ ಅಂಗಾತ ಮಲಗಿದರೆ ಒಳಗಿನಿಂದಲೇ ಮುಳುಗಿದ ಹಾಗಾಗುತ್ತಿತ್ತು. ಶನಿವಾರವೂ ಒಂದು ಸರದಿ ಸಿಗದಿದ್ದರೆ ಹೃದಯ ಹೆಚ್ಚು ಕಾಲ ತಡೆಯುವುದಿಲ್ಲ ಎಂದು ಡಾಕ್ಟರು ಸುತ್ತಿಬಳಸದೆ ಹೇಳಿದ್ದರು. ಶನಿವಾರ ಸಿಗಬೇಕಾದರೆ ಅಲ್ಲಿಂದ ಒಬ್ಬರು ಕಡಿಮೆಯಾಗಬೇಕಿತ್ತು.

ಪಕ್ಕದ ಮಂಚದವರಿಗೆ ಆ ಶನಿವಾರವಿತ್ತು. ವಿಳಿಂಜಂನ ಮೀನುಗಾರ, ನಾನು ಅವರನ್ನು ಮಲಯಾಳದಲ್ಲಿ ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದೆ, ಅವರು ನನ್ನನ್ನು ಚೇಚಿ, ಅಕ್ಕ, ಎನ್ನುತ್ತಿದ್ದರು. ಯಂತ್ರಗಳು ತಿರುಗುತ್ತಿರುವಾಗ ತಮ್ಮೂರಿನ ಹೊಸ ಬಂದರಿನ ಸುದ್ದಿ ಹೇಳುತ್ತಿದ್ದರು. ಅಲ್ಲಿನ ಕೆಲವು ಕ್ರೇನುಗಳೊಳಗೆ ಮನುಷ್ಯರೇ ಇಲ್ಲವಂತೆ, ತಾವಾಗಿಯೇ ಕೈ ಚಾಚಿ ಪೆಟ್ಟಿಗೆ ಎತ್ತುತ್ತವಂತೆ. "ಯಾರೂ ಇಲ್ಲದೆ ಕೆಲಸ ಆಗ್ತದೆ ಚೇಚಿ. ನನಗೆ ಕಡಲಿನ ಹೆದರಿಕೆ ಇಲ್ಲ, ಆ ಕ್ರೇನಿನದ್ದುಂಟು," ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಹಾಗಿದ್ದೂ ಪ್ರತಿ ಸಲ ನಾನು ಮೊದಲು ಹುಡುಕುತ್ತಿದ್ದದ್ದು ಅವರ ಕೊಳವೆಯನ್ನು. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು, ಆದರೂ ಹುಡುಕುತ್ತಿದ್ದೆ.

ಒಂದು ಮಂಗಳವಾರ ಆ ಜಾಗ ಖಾಲಿಯಿತ್ತು. ಅತ್ತಿತ್ತ ಎರಡು ಕೊಳವೆ, ನಡುವೆ ಬರೀ ಒದ್ದೆ ಗುರುತು. ನನ್ನ ಎದೆ ಡವಡವ ಹೊಡೆದುಕೊಂಡಿತು. ದುಃಖದಿಂದ ಎಂದು ಬರೆದರೆ ಸುಳ್ಳಾಗುತ್ತದೆ. ತೂಕದ ಯಂತ್ರದಿಂದ ಇಳಿಯುವ ಮೊದಲೇ ಸಿಸ್ಟರನ್ನು ಕರೆದು, ಶನಿವಾರದ್ದು ಇನ್ನು ನನಗೆ ಕೊಡಬಹುದೇ ಎಂದು ಕೇಳಿಬಿಟ್ಟೆ.

"ಯಾರ ಶನಿವಾರ?" ಎಂದರು ಸಿಸ್ಟರ್.

"ಅವರದ್ದು. ಅವರು ಹೋದರಲ್ಲ," ಎಂದೆ.

ಸಿಸ್ಟರ್ ನನ್ನ ಮುಖ ನೋಡಿದರು, ಆಮೇಲೆ ನನ್ನ ಬೆನ್ನ ಹಿಂದೆ ನೋಡಿದರು. ಚೇಟ್ಟ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುತ್ತಿದ್ದರು. ಹಳೆಯ ಕೊಳವೆ ಸೋರುತ್ತಿತ್ತೆಂದು ಎಸೆದಿದ್ದರು, ಹೊಸದು ಇನ್ನೂ ಕಪಾಟಿಗೆ ಬಂದಿರಲಿಲ್ಲ, ಅಷ್ಟೇ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಅಂದು ಸೂಜಿ ಚುಚ್ಚಿಸಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿದೆ. ಪಕ್ಕದ ಮಂಚದಿಂದ ಚೇಟ್ಟನೇ ಮಾತಾಡಿದರು.

"ನಾನೂ ನೋಡ್ತೇನೆ ಚೇಚಿ. ಬಂದ ಕೂಡಲೇ ನಿಮ್ಮದು ಉಂಟಾ ಅಂತ ನೋಡ್ತೇನೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಅವರಿಗೆ ಮೂರು ಸರದಿಯೂ ಇತ್ತು, ನನ್ನದರಿಂದ ಏನಾಗಬೇಕಿತ್ತು? ಅಂದಿನಿಂದ ಕಣ್ಣು ಮುಚ್ಚಿದಾಗಲೆಲ್ಲ ಯಾರೋ ಕಪಾಟಿನೆದುರು ನಿಂತು ನನ್ನ ಹೆಸರನ್ನು ಮೆಲ್ಲಗೆ ಓದುತ್ತಿರುವುದು ಕೇಳಿಸುತ್ತಿತ್ತು. ಮನೆಯಲ್ಲಿ ಹೇಳಿದರೆ ಇವರು, "ನೀನು ಎಂತೆಂತದ್ದೋ ತಲೆಗೆ ಹಚ್ಚಿಕೊಳ್ಬೇಡ ಮಾರಾಯ್ತಿ," ಎಂದು ಟಿವಿ ಹಾಕಿದರು.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ಗುರುವಾರ ಪಕ್ಕದ ಮಂಚ ಖಾಲಿಯಿತ್ತು. ಮನೆಗೆ ಹೊರಟಾಗ ಸಿಸ್ಟರ್ ತಾವಾಗಿಯೇ, "ಈ ವಾರದಿಂದ ಶನಿವಾರವೂ ಬನ್ನಿ," ಎಂದರು. ಈ ಸಲ ನಾನು ಬಾಯಿ ಬಿಡಲಿಲ್ಲ. ಶನಿವಾರ ಹೋದೆ. ಚೇಟ್ಟನ ಮಂಚವನ್ನೇ ತೋರಿಸಿದರು. ಮಲಗಿದೆ. ಅವರ ರಕ್ತ ಎಳೆಯುತ್ತಿದ್ದ ಅದೇ ಸದ್ದಿನಲ್ಲಿ ಯಂತ್ರ ನನ್ನದನ್ನೂ ಎಳೆಯತೊಡಗಿತು.

ಅರ್ಧ ಹೊತ್ತು ಕಳೆದಿರಬೇಕು, ಅವರ ಹೆಂಡತಿ ಒಳಗೆ ಬಂದರು. ಕೈಯಲ್ಲಿ ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆ. ನನ್ನ ಕೈಯಲ್ಲಿ ಎರಡು ಸೂಜಿ ಇರುವಾಗ ಎದ್ದು ಓಡುವ ಹಾಗೂ ಇಲ್ಲ. ಆಕೆ ನೇರವಾಗಿ ನನ್ನ ಬಳಿಗೇ ಬಂದು ಪೆಟ್ಟಿಗೆ ತೆರೆದರು. ಮಂಜುಗಡ್ಡೆಯ ಮೇಲೆ ಮಡಿಸಿದ ಬಟ್ಟೆ, ಅದರ ಮೇಲೆ ರಕ್ತ ಹೆಚ್ಚಿಸುವ ಇಂಜೆಕ್ಷನ್ ಎರಡು. ಆ ತಿಂಗಳು ಇಡೀ ಕೇಂದ್ರದಲ್ಲಿ ಅದು ಇರಲಿಲ್ಲ.

"ಅವರಿಗೆ ತಂದದ್ದು. ಉಳಿದರೆ ಚೇಚಿಗೆ ಕೊಡು ಅಂತ ಹೋಗುವ ಮೊದಲು ಹೇಳಿದ್ದರು," ಎಂದರು. "ಇಲ್ಲಿಂದ ಮನೆಗೆ ಬಂದ ಕೂಡಲೇ ಮೊದಲು ಅದೇ ಮಾತು, ಚೇಚಿ ಇವತ್ತೂ ಇದ್ದಾರೆ ಅಂತ. ಆಮೇಲೆಯೇ ಗಂಜಿ."

ನನಗೆ ಅಳು ತಡೆಯಲಾಗಲಿಲ್ಲ. ಒರೆಸಿಕೊಳ್ಳಲು ಇದ್ದದ್ದು ಒಂದೇ ಕೈ. ಸಿಸ್ಟರ್ ಬಂದು ತಾರೀಖು ನೋಡಿ ಇಂಜೆಕ್ಷನ್ ಎತ್ತಿಟ್ಟುಕೊಂಡರು. ಆಕೆ ಹೊರಡಲಿಲ್ಲ. ಮಂಚದ ಕಂಬಿ ಹಿಡಿದು ಯಂತ್ರವನ್ನೇ ನೋಡುತ್ತಾ, ಇನ್ನೆಷ್ಟು ಹೊತ್ತು ಉಂಟು ಎಂದು ಕೇಳಿದರು. ಎರಡು ಗಂಟೆ ಎಂದೆ. ಸ್ಟೂಲು ಎಳೆದುಕೊಂಡು, ಮುಗಿಯುವವರೆಗೂ ಅಲ್ಲೇ ಕೂತರು.