ನಾನು ಕಲಿಸಿದ ದಂಡೆ

ಹೊಳನಗದ್ದೆಯ ಆ ಮನೆಗೆ ನಾನು ಹಿರಿಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಯುದ್ಧದ ಕಾಲ. ಸಕ್ಕರೆ, ಸೀಮೆಎಣ್ಣೆ ಎಲ್ಲವೂ ಕಂಟ್ರೋಲು. ನೆಂಟರು ಬಂದರೆ ಬೆಲ್ಲ, ನೀರು ಕೊಟ್ಟು, ಹೆಂಗಸರಿಗೆ ಮುಡಿಯಲು ಹೂವಿನ ದಂಡೆ ಕೊಡುತ್ತಿದ್ದೆವು. ಕಟ್ಟುತ್ತಿದ್ದವಳು ನಾನು. ಕೇರಿಯವರೆಲ್ಲ ನನ್ನ ದಂಡೆಯನ್ನು ಹೊಗಳುತ್ತಿದ್ದರು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಆಮೇಲೆ ಮೈದುನನ ಹೆಂಡತಿ ಬಂದಳು. ಹೊನ್ನಾವರದ ಹುಡುಗಿ. ಬಂದ ವಾರದಲ್ಲೇ ಹಿತ್ತಾಳೆ ತಂಬಿಗೆಗೆ ನೀರು ತುಂಬಿಸಿ, ಎರಡು ಕೆಂಪು ದಾಸವಾಳ, ಒಂದು ಜರಿಗಿಡದ ಎಲೆ, ಗದ್ದೆ ಬದುವಿನ ಹುಲ್ಲಿನ ತೆನೆ ನಿಲ್ಲಿಸಿ ಜಗಲಿಯ ಕಿಟಕಿಯಲ್ಲಿಟ್ಟಳು. ದೇವರಿಗಲ್ಲ, ತಲೆಗಲ್ಲ, ಸುಮ್ಮನೆ ನೋಡಲಿಕ್ಕೆ! ಮಾವ ಗದ್ದೆಯಿಂದ ಬಂದವರು ಕಾಲು ತೊಳೆಯುವುದನ್ನೂ ಮರೆತು ನಿಂತರು.

"ಇದೆಂತ ಚೆಂದ ಮಾರಾಯ್ತಿ! ಯಾರು ಮಾಡಿದ್ದು?"

ಮೂರು ವರ್ಷದಲ್ಲಿ ಮಾವ ನನ್ನ ದಂಡೆಯ ಬಗ್ಗೆ ಒಂದು ಮಾತು ಆಡಿರಲಿಲ್ಲ. ಮರುದಿನದಿಂದ ಬೆಳಕು ಹರಿಯುವ ಮುಂಚೆಯೇ ಎದ್ದು ಅಂಗಳದ ಹೂವನ್ನೆಲ್ಲ ಕೊಯ್ದಿಡತೊಡಗಿದೆ. ಅವಳು ಬೇಲಿಯ ಕಾಡುಹೂವು ತಂದು ತಂಬಿಗೆಯಲ್ಲಿ ಇಟ್ಟಳು. ಅದೂ ಚೆಂದವೇ ಕಂಡಿತು.

ಒಂದು ದಿನ ಅವಳೇ ನನ್ನ ಪಕ್ಕ ಬಂದು ಕುಳಿತಳು. "ಅಕ್ಕ, ನಂಗೂ ದಂಡೆ ಕಟ್ಟೂಕೆ ಕಲಿಸ್ತ್ಯಾ?"

ತಂಬಿಗೆ ಸಾಲದು, ಇದೂ ಬೇಕೇ ಇವಳಿಗೆ ಅನ್ನಿಸಿತು. ಕಲಿಸಿದೆ. ಎರಡೆರಡು ಅಬ್ಬಲಿಗೆ ಹೂವಿಟ್ಟು, ಒದ್ದೆ ಬಾಳೆನಾರನ್ನು ಸುತ್ತಿ, ಕೊನೆಗೆ ಕುಣಿಕೆ ಹಾಕಿ ಬಿಗಿಯಬೇಕು. ಸುತ್ತುವುದನ್ನು ತೋರಿಸಿದೆ, ಕುಣಿಕೆಯನ್ನು ಬಿಟ್ಟೆ. ನಾರು ಒದ್ದೆ ಇರುವ ತನಕ ಹೂವು ನಿಲ್ಲುತ್ತದೆ. ಒಣಗಿದರೆ ಸಡಿಲವಾಗುತ್ತದೆ. ಎಲ್ಲ ಗೊತ್ತಿದ್ದೇ ಮಾಡಿದೆ.

ಅದೇ ತಿಂಗಳು ನಾದಿನಿಗೆ ಹೂ ಮುಡಿಸುವ ಶಾಸ್ತ್ರ ಬಂತು. ಚೊಚ್ಚಲ ಬಸುರಿ. ಬಾಡ ಎಂಬ ಊರಿನಿಂದ ಅವಳ ಗಂಡನ ಮನೆಯವರೆಲ್ಲ ಬಂದಿದ್ದರು. "ಈ ಸಲ ದಂಡೆ ನಾ ಕಟ್ತೆ" ಎಂದಳು ಕಿರಿಯವಳು. ಅತ್ತೆ ಒಪ್ಪಿದರು. ಒಳಗೆ ಬಾಳೆಲೆಯಲ್ಲಿ ನನ್ನದೊಂದು ದಂಡೆಯನ್ನು ಸುತ್ತಿ ಇಟ್ಟುಕೊಂಡೆ.

ಮುಡಿಸಿದಾಗ ಚೆಂದವೇ ಇತ್ತು. ಹಾಡು ಮುಗಿದು, ಹಿರಿಯರ ಕಾಲಿಗೆ ಬೀಳಲು ನಾದಿನಿ ಬಗ್ಗಿದಳು. ಒಂದು ಹೂವು ಬಿತ್ತು. ಮತ್ತೆ ನಾಲ್ಕು. ನೋಡನೋಡುತ್ತಿದ್ದಂತೆ ದಂಡೆಯೇ ಬಿಚ್ಚಿ ಚಾಪೆಯ ಮೇಲೆ ಚೆಲ್ಲಿತು.

"ಅಯ್ಯೋ, ಬಸುರಿ ತಲೆ ಹೂ ಉದುರೂದೆಂತಕ್ಕೆ?" ಎಂದಳು ಬಾಡದ ಮುದುಕಿಯೊಬ್ಬಳು. ನಾದಿನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ನಾನು ಓಡಿ ನನ್ನ ದಂಡೆ ತಂದು ಮುಡಿಸಿದೆ. ಸಮಯಕ್ಕೆ ಆದೆ ಎಂದು ಎಲ್ಲರೂ ಹೊಗಳಿದರು. ಅತ್ತೆ ಮಾತ್ರ ಬಿದ್ದ ನಾರನ್ನೆತ್ತಿ ಬೆರಳಲ್ಲಿ ಸವರಿ ನೋಡಿದರು.

"ಹಿಂಗೆ ಕಟ್ಟೂಕೆ ನಿಂಗೆ ಯಾರು ಕಲ್ಸಿದ್ದು?"

"ಯಾರೂ ಇಲ್ಲ ಅತ್ತೆ, ನಾನೇ ನೋಡಿ ಕಲ್ತದ್ದು" ಎಂದಳು ಕಿರಿಯವಳು. ಅಳುತ್ತಿದ್ದಳು.

ಅವಳು ಯಾಕೆ ಹಾಗೆಂದಳೋ ತಿಳಿಯದು. ಅದಕ್ಕೂ ನನಗೆ ಸಿಟ್ಟು ಬಂತು. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ. ಆದರೆ ಅದಕ್ಕಿಂತ ಹೆಚ್ಚು ಹೆದರಿಕೆ. ನಾದಿನಿಗೆ ಏನಾದರೂ ಆದರೆ? ಎರಡು ತಿಂಗಳು ದೇವರ ಮುಂದೆ ನಿಂತು ಅದೊಂದನ್ನೇ ಕೇಳಿಕೊಂಡೆ.

ಹೆರಿಗೆ ತವರಲ್ಲಿ ಬೇಡವೆಂದು ಬಾಡದವರು ನಾದಿನಿಯನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಸುದ್ದಿ ಬಂತು: ಹೆಣ್ಣುಮಗು, ತಾಯಿ ಮಗು ಇಬ್ಬರೂ ಆರಾಮ. ಅವತ್ತೇ ಕಿರಿಯವಳನ್ನು ಹಿತ್ತಿಲಿಗೆ ಕರೆದು, ನಾರು ನೆನೆಸಿ, ಕುಣಿಕೆ ಹಾಕಿ ತೋರಿಸಿದೆ.

ಅವಳು ಆ ಕುಣಿಕೆಯನ್ನು ಬಿಚ್ಚಿ, ಮತ್ತೆ ಹಾಕಿ ನೋಡಿದಳು. "ಇದನ್ನ ಅವತ್ತು ತೋರ್ಸ್ಲಿಲ್ಲ ನೀನು."

"ಇಲ್ಲ. ಬೇಕಂತಲೇ ಬಿಟ್ಟೆ. ನಿನ್ನ ಕಂಡ್ರೆ ಹೊಟ್ಟೆಕಿಚ್ಚು ನಂಗೆ."

ಎದ್ದು ಹೋದಳು. ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಐದನೆಯ ದಿನ ಹೂವಿನ ಬುಟ್ಟಿ ತಂದು ನನ್ನೆದುರು ಕುಕ್ಕಿದಳು. "ಆತು, ಈಗ ಸಮಾ ಕಲಿಸು."

ಕಲಿಸಿದೆ, ಏನೂ ಮುಚ್ಚಿಡದೆ. ತಿಂಗಳಾಗುವುದರೊಳಗೆ ಅವಳ ದಂಡೆ ನನ್ನದಕ್ಕಿಂತ ಸಮವಾಗಿ ಬರತೊಡಗಿತು. ಕೇರಿಯ ಹೆಂಗಸರು ಅವಳನ್ನೇ ಕೇಳಿಕೊಂಡು ಬಂದಾಗ ನಾನು ಒಳಗೆ ಹೋಗಿ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದೆ, ಉರಿ ಸಾಕಷ್ಟಿದ್ದರೂ.